ಹನ್ನೆರಡರಿಂದ ಶುರುವಾದ ಸೇತುವೆ

ಯಾರ್ಡಿನಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ನಂಬರಣ್ಣ. ಮೂವತ್ತನಾಲ್ಕು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಒಂದೇ ಕೆಲಸ: ಉಕ್ಕಿನ ಸೇತುವೆಯ ತುಂಡುಗಳಿಗೆ ನಂಬರು ಹಾಕುವುದು. ಅಂಕಿಯ ಅಚ್ಚನ್ನು ಉಕ್ಕಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು, ಅಷ್ಟೇ. ಎರಡನೆಯ ಪೆಟ್ಟು ಹಾಕಬೇಕಾಗಿ ಬಂದರೆ ಆ ದಿನವೆಲ್ಲ ಅವನು ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ.

ಈ ಚಟ ಮನೆಯೊಳಗೂ ನುಗ್ಗಿತ್ತು. ಅಡುಗೆಮನೆಯ ಡಬ್ಬಿಗಳಿಗೆ ನಂಬರು, ಮಂಚದ ಕಾಲುಗಳಿಗೆ ನಂಬರು, ಕಿಟಕಿಯ ಪರದೆಗಳಿಗೆ ನಂಬರು. ಸಕ್ಕರೆ ಏಳನೆಯ ಡಬ್ಬಿಯಲ್ಲಿರಬೇಕು. ಎಂಟನೆಯದರಲ್ಲಿ ಸಿಕ್ಕಿದರೆ ಅವನು ಟೀ ಆರಿದರೂ ಚಿಂತೆಯಿಲ್ಲವೆಂದು ಮೊದಲು ಅದನ್ನು ಏಳಕ್ಕೆ ಸುರಿದಿಡುವವನು. ಹೆಂಡತಿ ಇದನ್ನೆಲ್ಲ ಸಹಿಸಿಕೊಂಡಿದ್ದಳು ಎಂದರೆ ಸುಳ್ಳಾಗುತ್ತದೆ. ಆಕೆ ಇದನ್ನೇ ಆಡಿಕೊಂಡು ಸುಖವಾಗಿದ್ದಳು.

"ನನ್ನ ಹಣೆ ಮೇಲೂ ಒಂದು ನಂಬರ್ ಹೊಡೆದುಬಿಡಿ. ಎಲ್ಲಾದ್ರೂ ಇಟ್ಟು ಮರೆತುಬಿಟ್ಟೀರಾ," ಎನ್ನುತ್ತಿದ್ದಳು.

"ಮರೆಯೋಕೆ ನೀನು ಬಿಟ್ಟರೆ ತಾನೇ," ಎಂದು ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ.

ಯಾರ್ಡು ಇದ್ದದ್ದು ಬೆಟ್ಟಸಾಲಿನ ತಪ್ಪಲಿನಲ್ಲಿ, ರೈಲು ಹಳಿ ಮುಗಿಯುವ ಕಡೆ. ಉದ್ದನೆಯ ತಗಡಿನ ಮಾಡು, ಅದರಡಿ ಸಾಲಾಗಿ ಸೊಂಟದೆತ್ತರದ ಸಿಮೆಂಟಿನ ಕಟ್ಟೆಗಳು. ಬೆಟ್ಟದ ಮೇಲೆ ನಿಲ್ಲಬೇಕಾದ ಪ್ರತಿಯೊಂದು ಸೇತುವೆಯನ್ನೂ ಮೊದಲು ಆ ಕಟ್ಟೆಗಳ ಮೇಲೆ ಪೂರ್ತಿ ಜೋಡಿಸಿ ನೋಡುತ್ತಿದ್ದರು. ಯಾಕೆಂದರೆ ಮೇಲೆ ಹೋದ ಮೇಲೆ ತಿದ್ದುವುದಕ್ಕೆ ದಾರಿಯೇ ಇಲ್ಲ. ಆ ಬೆಟ್ಟಗಳೆಲ್ಲ ರಕ್ಷಿತ ಪ್ರದೇಶ. ಅಲ್ಲಿ ಉಕ್ಕನ್ನು ಕತ್ತರಿಸುವಂತಿಲ್ಲ, ಬೆಸುಗೆಯ ಕಿಡಿ ಹಾರಿಸುವಂತಿಲ್ಲ, ಬಣ್ಣದ ಡಬ್ಬಿ ತೆರೆಯುವಂತಿಲ್ಲ. ಕಾಂಕ್ರೀಟು ಕಲಸುವ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಕೆಳಗೆ ತಯಾರಾದ ಚೌಕಟ್ಟುಗಳನ್ನು ಒಯ್ದು, ಪಿನ್ನು ಬೋಲ್ಟು ಹಾಕಿ, ಹೋದಷ್ಟೇ ಮೆಲ್ಲಗೆ ಇಳಿದು ಬರಬೇಕು. ಹಾಗಾಗಿ ಯಾರ್ಡಿನ ಪಾಠ ಇಷ್ಟೇ: ಜೋಡಿಸು, ಕೂತಿತೇ ನೋಡು, ನಂಬರು ಹಾಕು, ಬಿಚ್ಚು, ಕಳಿಸು.

ಇದರಿಂದ ಒಂದು ವಿಚಿತ್ರವಾಗಿತ್ತು. ನಲವತ್ತೊಂದು ಸೇತುವೆಗಳು ನಂಬರಣ್ಣನ ಕಣ್ಣೆದುರು ಎದ್ದು ನಿಂತಿದ್ದವು, ಅವನ ಕಣ್ಣೆದುರೇ ಬಿಚ್ಚಿಕೊಂಡು ಲಾರಿ ಹತ್ತಿದ್ದವು. ಒಂದನ್ನಾದರೂ ಅವನು ನೀರಿನ ಮೇಲೆ ಕಂಡಿರಲಿಲ್ಲ. ಅವನ ಸೇತುವೆಗಳ ಕೆಳಗೆ ಇದ್ದದ್ದು ಎಣ್ಣೆ ಕಲೆ ಹಿಡಿದ ನೆಲ, ಆ ನೆಲದ ಮೇಲೆ ಮಲಗಿದ ಯಾರ್ಡಿನ ನಾಯಿ. ಎಲ್ಲರ ಕೆಲಸವನ್ನೂ ಮಲಗಿಕೊಂಡೇ ನೋಡುತ್ತಿದ್ದುದರಿಂದ ಆ ನಾಯಿಗೆ ಸೂಪರ್‌ವೈಸರ್ ಎಂದು ಹೆಸರು ಬಿದ್ದಿತ್ತು.

ಊಟದ ಡಬ್ಬಿ ಕೊಡಲು ಯಾರ್ಡಿಗೆ ಬಂದಾಗಲೆಲ್ಲ ಹೆಂಡತಿ ಬಗ್ಗಿ ನೋಡಿ ಹೇಳುವಳು, "ನಿಮ್ಮ ಸೇತುವೆ ಕೆಳಗೆ ನಾಯಿ ಮಲಗಿದ್ದು ಬೇಕಾದಷ್ಟು ನೋಡಿದೀನಿ. ನೀರು ಹರಿದಿದ್ದು ಮಾತ್ರ ಇವತ್ತಿನವರೆಗೂ ನೋಡಿಲ್ಲ."

ಅವನು ನಗುತ್ತಿದ್ದ. ಆದರೆ ನಿವೃತ್ತಿಗೆ ಮೂರೇ ತಿಂಗಳು ಉಳಿದಾಗ ಆ ಮಾತು ಯಾಕೋ ಚುಚ್ಚತೊಡಗಿತು. ನಲವತ್ತೆರಡನೆಯದೇ ಅವನ ಕೊನೆಯ ಸೇತುವೆ.

ಆ ನಲವತ್ತೆರಡನೆಯದನ್ನು ಬೆಟ್ಟದ ಮೇಲೆ ನಿಲ್ಲಿಸುವ ಹೊಣೆ ಬಿದ್ದದ್ದು ಬೇರೆ ಯಾರ ಮೇಲೂ ಅಲ್ಲ, ಅವನ ಮಗಳ ಮೇಲೆ. ಶಾಲೆಯ ಲೆಕ್ಕಗಳನ್ನು ಯಾರ್ಡಿನ ಕಟ್ಟೆಯ ಮೇಲೆ ಕೂತು ಮಾಡಿದ ಹುಡುಗಿ. ಎಂಟು ವರ್ಷ ಬೆಟ್ಟದ ತಂಡದಲ್ಲಿ ಸ್ಪ್ಯಾನರ್ ತಿರುಗಿಸಿ, ಈಗ ಮೊದಲ ಸಲ ತಂಡದ ಮುಖ್ಯಸ್ಥೆಯಾಗಿದ್ದಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಮರಿ ನಂಬರು ಎನ್ನುತ್ತಿದ್ದರು. ಎದುರಿಗೆ ಅಂದರೆ ಅವಳು ಕೋಪ ಬಂದವಳ ಹಾಗೆ ಮಾಡುತ್ತಿದ್ದಳು.

ಜಾಗ ಸುಲಭದ್ದಲ್ಲ. ಕಡಿದಾದ ಕಮರಿ, ಅದರ ತಳದಲ್ಲಿ ಮಂಜು ಕರಗಿ ಬರುವ ಹೊಳೆ. ಆಚೆ ದಡದಲ್ಲಿ ನಲವತ್ತು ಮನೆ. ಅಲ್ಲಿಯವರು ಈಚೆಗೆ ಬರಬೇಕಾದರೆ ತಂತಿಗೆ ನೇತುಹಾಕಿದ ಒಂದು ಪೆಟ್ಟಿಗೆಯೊಳಗೆ ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು ಕೂರಬೇಕು. ಒಂದು ಸಲಕ್ಕೆ ಒಬ್ಬರೇ. ಈಚೆ ದಡದಲ್ಲಿ ಬಂಡೆಗಳ ನಡುವೆ ಹಾವಸೆ ಮತ್ತು ಬೆರಳುದ್ದದ ಹೂಗಿಡ. ಒಂದು ಹೆಜ್ಜೆ ಅದರ ಮೇಲಿಟ್ಟರೆ ಆ ಗುರುತು ಅಳಿಯಲು ಹತ್ತು ವರ್ಷ ಬೇಕಂತೆ. ಸಾಮಾನು ಇಳಿಸಲು ಸಿಕ್ಕಿದ್ದು ಎರಡು ಮಂಚ ಹಿಡಿಸುವಷ್ಟು ಅಗಲದ ಒಂದು ಹಾಸುಬಂಡೆ ಮಾತ್ರ. ಒಂದು ಚೌಕಟ್ಟು ಬಂದು, ಜೋಡಣೆಯಾಗಿ, ಮುಂದೆ ಸರಿದ ಮೇಲೆಯೇ ಇನ್ನೊಂದಕ್ಕೆ ಜಾಗ.

ಇದರ ಮೇಲೆ ಗಡುವು. ಕಮರಿಯ ಗೋಡೆಯಲ್ಲಿ ಪ್ರತಿ ವರ್ಷ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಅವು ಬರುವುದಕ್ಕೆ ಮೊದಲು ಹನ್ನೊಂದು ದಿನಗಳ ಅನುಮತಿ. ಹನ್ನೊಂದನೆಯ ಸಂಜೆ ಕೆಲಸ ಮುಗಿಯದಿದ್ದರೆ ಎಲ್ಲವನ್ನೂ ಬಿಚ್ಚಿ ಇಳಿಸಿ, ಮತ್ತೆ ಕೈ ಹಾಕುವುದು ಮುಂದಿನ ವರ್ಷವೇ. ಆ ಬೆಟ್ಟದ ವನಪಾಲಕಿ ಈ ವಿಷಯದಲ್ಲಿ ಜಪ್ಪಯ್ಯ ಅಂದರೂ ಜಗ್ಗುವ ಹೆಂಗಸಲ್ಲ.

ಸೇತುವೆಗೆ ಹನ್ನೆರಡು ಚೌಕಟ್ಟು. ಮೊದಲನೆಯದನ್ನು ಹಾಸುಬಂಡೆಯ ಮೇಲೆ ನಿಲ್ಲಿಸಿ, ಮೇಲೆ ಕಟ್ಟಿದ ಹಗ್ಗಗಳಿಗೆ ನೇತುಹಾಕಿ ಆಚೆ ದಡದ ಕಡೆ ಒಂದು ಮಾರು ಎಳೆಯುವುದು, ಅದರ ಹಿಂದಕ್ಕೆ ಎರಡನೆಯದನ್ನು ಪಿನ್ನಿನಿಂದ ಸೇರಿಸಿ ಮತ್ತೆ ಎಳೆಯುವುದು, ಹೀಗೇ ಹನ್ನೆರಡರವರೆಗೆ. ಆದ್ದರಿಂದ ಒಂದನೆಯದೇ ಮೊದಲು ಬರಬೇಕು. ಲಾರಿಯಲ್ಲಿ ಚೌಕಟ್ಟುಗಳನ್ನು ಬಿಚ್ಚಿ, ಚಪ್ಪಟೆಯಾಗಿ ಕಟ್ಟಿ, ತೊಳೆದ ತಟ್ಟೆಗಳ ಹಾಗೆ ಒಂದರ ಮೇಲೊಂದು ಹೇರುತ್ತಿದ್ದರು. ಕೊನೆಗೆ ಹೇರಿದ್ದು ಮೊದಲು ಇಳಿಯುತ್ತದೆ. ಅದಕ್ಕೇ ನಂಬರಣ್ಣ ನಲವತ್ತೊಂದು ಸಲವೂ ಕೊನೆಯದನ್ನು ತಳಕ್ಕೆ ಹಾಕಿ, ಒಂದನೆಯದನ್ನು ಎಲ್ಲಕ್ಕಿಂತ ಮೇಲಿಟ್ಟು ಕಳಿಸಿದ್ದ.

ಈ ಸಲ ಮಾತ್ರ ಮೇಲಿನ ರಸ್ತೆ ಕುಸಿದು ಕಿರಿದಾಗಿತ್ತು. ದೊಡ್ಡ ಲಾರಿ ಅರ್ಧದಾರಿಯ ಬಯಲಿನವರೆಗೆ ಮಾತ್ರ. ಅಲ್ಲಿ ಎಲ್ಲವನ್ನೂ ಒಂದು ರಾಶಿಯಾಗಿ ಇಳಿಸಿ, ಚಿಕ್ಕ ಗಾಡಿಯಲ್ಲಿ ಒಂದೊಂದೇ ಚೌಕಟ್ಟನ್ನು, ಹಾಸುಬಂಡೆಗೆ ಸಾಮಾನು ಏರಿಸುವ ರೋಪ್‌ವೇಗೆ ಒಯ್ಯಬೇಕು. ನಂಬರಣ್ಣ ಮನೆಗೆ ಬಂದು ತಟ್ಟೆಗಳನ್ನು ಒಂದರ ಮೇಲೊಂದಿಟ್ಟು, ತೆಗೆದು, ಮತ್ತೆ ಇಟ್ಟು ನೋಡಿದ. ನಡುವೆ ಒಂದು ರಾಶಿ ಹೆಚ್ಚಾದರೆ ಸರದಿ ಬುಡಮೇಲಾಗುತ್ತದೆ. ಸರಿ, ಹಾಗಾದರೆ ಈ ಸಲ ತಾನೇ ಬುಡಮೇಲಾಗಿ ಹೇರಿದರಾಯಿತು. ಹಾಗೇ ಹೇರಿದ. ಮಗಳ ತಲೆಯಲ್ಲಿ ನೂರೆಂಟು ಯೋಚನೆ ಇರುತ್ತದೆ, ಇದೊಂದು ಯಾಕೆ ಎಂದು ಅವಳಿಗೆ ಹೇಳಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಅವಳ ಫೋನು ಬಂತು. ಆ ಹೊತ್ತಿಗೆ ಅವಳ ತಂಡ ಬಂಡೆಗೆ ಕೈಯಿಂದಲೇ ತೂತು ಕೊರೆದು, ಹಗ್ಗ ಬಿಗಿದು ಆರು ದಿನ ಕಳೆದಿತ್ತು. ಉಳಿದದ್ದು ಐದು. ಜೋಡಿಸುವುದಕ್ಕೆ ಬೇಕಾದದ್ದು ನಾಲ್ಕು.

"ಅಪ್ಪಾ, ಮೊದಲು ಬಂದಿದ್ದು ಹನ್ನೆರಡನೇದು."

ನಂಬರಣ್ಣ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ಸಾಧ್ಯಾನೇ ಇಲ್ಲ. ನಡುವೆ ಇಳಿಸ್ತಾರೆ ಅಂತಾನೇ ನಾನು ತಿರುಗಿಸಿ ಹೇರಿದ್ದೆ."

ಆ ಕಡೆ ಗಾಳಿ ಜೋರಾಗಿ ಬೀಸುತ್ತಿತ್ತು.

"ನೀನು ತಿರುಗಿಸಿದ್ಯಾ?" ಎಂದಳು ಮಗಳು. "ನನಗ್ಯಾಕೆ ಹೇಳಲಿಲ್ಲ? ನೀನು ಯಾವಾಗಿನ ಹಾಗೇ ಹೇರಿರ್ತೀಯ ಅಂದ್ಕೊಂಡು ನಾನು ಬಯಲಲ್ಲಿದ್ದೋರಿಗೆ ಹೇಳಿ ರಾಶೀನ ಇನ್ನೊಂದ್ಸಲ ಮಗುಚಿ ಹಾಕಿಸಿದೆ."

"ನೀನು ನನಗ್ಯಾಕೆ ಹೇಳಲಿಲ್ಲ?"

"ನಿನ್ನ ತಪ್ಪನ್ನ ನಾನು ಎತ್ತಿ ತೋರಿಸಿದ ಹಾಗೆ ಆಗ್ಬಾರ್ದು ಅಂತ."

ಅಪ್ಪ ಮಗಳು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಸರಿಮಾಡಿದ್ದರು. ಎರಡು ಸಲ ಸರಿಯಾದದ್ದು ತಪ್ಪಾಗಿ ಹಾಸುಬಂಡೆಯ ಮೇಲೆ ಕೂತಿತ್ತು. ಅದನ್ನು ಬದಿಗಿಟ್ಟು ಬೇರೆಯದನ್ನು ತರಿಸೋಣವೆಂದರೆ ಬದಿಯಲ್ಲಿರುವುದು ಹಾವಸೆ. ಕೆಳಕ್ಕೆ ವಾಪಸು ಕಳಿಸಿ, ಬಯಲಿನ ರಾಶಿಯನ್ನು ಮತ್ತೆ ಮಗುಚಿ ತರಿಸೋಣವೆಂದರೆ ಮೂರು ದಿನ ಹೋಗುತ್ತದೆ. ಮಗಳು ಅಳುತ್ತಿರಲಿಲ್ಲ, ಆದರೆ ಮಾತುಗಳನ್ನು ಒಂದೊಂದಾಗಿ ಎಣಿಸಿ ಆಡುತ್ತಿದ್ದಳು. ಅದನ್ನು ಕೇಳಿ ನಂಬರಣ್ಣನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಹನ್ನೆರಡರಿಂದಲೇ ಶುರುಮಾಡು," ಎಂದ.

"ಏನಪ್ಪಾ ಹೀಗಂತೀಯ! ಯಾರ್ಡಲ್ಲಿ ಯಾವ ತುದಿಯಿಂದ ಜೋಡಿಸಿದ್ರೋ ಇಲ್ಲೂ ಅದೇ ತುದಿಯಿಂದ ಜೋಡಿಸಬೇಕು. ನೀನೇ ತಾನೇ ನನಗೆ ಕಲಿಸಿದ್ದು?"

ಅದು ಹೌದು. ಒಂದೊಂದು ಕೀಲಿನಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ತುದಿಯಿಂದ ಜೋಡಿಸುತ್ತ ಹೋದರೆ ಅವೆಲ್ಲ ಕೂಡಿಕೊಂಡು ಹೋಗುವ ರೀತಿ ಒಂದು, ಇನ್ನೊಂದು ತುದಿಯಿಂದಾದರೆ ಬೇರೆಯೇ. ಪರೀಕ್ಷೆಯಾದ ದಿಕ್ಕಿನಲ್ಲಿ ಪಿನ್ನುಗಳು ಕೂರುತ್ತವೆ ಎಂದು ಹೇಳಬಹುದು. ಆಗದ ದಿಕ್ಕಿನಲ್ಲಿ ದೇವರೇ ಹೇಳಬೇಕು. ಅದಕ್ಕಾಗಿಯೇ ರಿಜಿಸ್ಟರಿನಲ್ಲಿ 'ಒಂದರಿಂದ ಜೋಡಿಸಲಾಗಿದೆ' ಎಂದು ಬರೆದು ನಂಬರಣ್ಣ ಸಹಿ ಹಾಕುತ್ತಿದ್ದ. ನಲವತ್ತೆರಡನೆಯದಕ್ಕೂ ಹಾಗೇ ಬರೆದಿದ್ದ.

"ರಿಜಿಸ್ಟರಲ್ಲಿ ಇರೋದು ಸುಳ್ಳು ಮಗಳೇ," ಎಂದ ನಂಬರಣ್ಣ. "ಇದೊಂದನ್ನ ನಾನು ಹನ್ನೆರಡರಿಂದಲೇ ಜೋಡಿಸಿದ್ದು. ಮಧ್ಯಾಹ್ನದ ಒಳಗೆ ಹೇಳ್ತೀನಿ, ಅಲ್ಲೀವರೆಗೂ ಯಾವುದನ್ನೂ ವಾಪಸು ಕಳಿಸಬೇಡ."

ನಡೆದದ್ದು ಇಷ್ಟು. ಎರಡು ತಿಂಗಳ ಹಿಂದೆ ಒಂದನೆಯ ಚೌಕಟ್ಟನ್ನು ಇಡಬೇಕಾದ ಕಟ್ಟೆಯ ಕೆಳಗೆ ಸೂಪರ್‌ವೈಸರ್ ಮರಿ ಹಾಕಿತ್ತು. ಆರು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವುಗಳ ನೆತ್ತಿಯ ಮೇಲೆ ಉಕ್ಕು ಇಳಿಸಲು ನಂಬರಣ್ಣನಿಗೆ ಮನಸ್ಸು ಬರಲಿಲ್ಲ. ಆ ಕಡೆಯ ತುದಿಯಿಂದ ಶುರುಮಾಡಿ, ಒಂದನೆಯ ಕಟ್ಟೆಗೆ ಬರುವಷ್ಟರಲ್ಲಿ ಹತ್ತು ದಿನ ಕಳೆದು, ಮರಿಗಳೆಲ್ಲ ಕಣ್ಣು ಬಿಟ್ಟು ಪಕ್ಕದ ಚೀಲದ ಗುಡ್ಡೆಗೆ ಸಂಸಾರ ಬದಲಿಸಿದ್ದವು. ನಾಯಿಯ ಬಾಣಂತನ ಎಂದು ರಿಜಿಸ್ಟರಿನಲ್ಲಿ ಬರೆಯಲು ನಾಚಿಕೆಯಾಗಿ ಅವನು ಎಂದಿನಂತೆ 'ಒಂದರಿಂದ' ಎಂದು ಗೀಚಿದ್ದ. ಆಮೇಲೆ ಎರಡು ತಿಂಗಳು ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡಿತ್ತು.

ಈಗ ಅದನ್ನು ದೊಡ್ಡ ಇಂಜಿನಿಯರರ ಮುಂದೆ ಹೇಳಬೇಕು. ಮೂವತ್ತನಾಲ್ಕು ವರ್ಷದ ರಿಜಿಸ್ಟರುಗಳಲ್ಲಿ ಒಂದು ಕಾಟು ಗೀಟು ಇರಲಿಲ್ಲ. ಆ ಒಂದು ಹೆಮ್ಮೆಯನ್ನು ಮನೆಗೆ ಒಯ್ಯಬೇಕೆಂದು ಅವನಿಗೆ ಆಸೆ ಇತ್ತು. ಮೆಟ್ಟಿಲು ಹತ್ತುತ್ತ ನಡುವೆ ಒಮ್ಮೆ ನಿಂತ. ಆದರೆ ಗಾಳಿಯ ನಡುವೆ ಕೇಳಿದ ಮಗಳ ದನಿ ಇನ್ನೂ ಕಿವಿಯಲ್ಲಿತ್ತು. ಬಾಗಿಲು ತಳ್ಳಿದ.

"ಸಾರ್, ರಿಜಿಸ್ಟರಲ್ಲಿ ನಾನು ಸುಳ್ಳು ಬರೆದಿದೀನಿ."

ದೊಡ್ಡ ಇಂಜಿನಿಯರರು ಕನ್ನಡಕವನ್ನು ಹಣೆಗೇರಿಸಿ, ತಡೆಯದೆ ಎಲ್ಲವನ್ನೂ ಕೇಳಿದರು. ನಕ್ಷೆ ಬಿಡಿಸಿ, ಪೆನ್ಸಿಲಿನ ತುದಿಯನ್ನು ಆ ತುದಿಯಿಂದ ಈ ತುದಿಗೆ ಓಡಿಸಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

"ಅಂದ್ರೆ ಚೌಕಟ್ಟುಗಳು ಸರಿಯಾದ ಸರದೀಲಿ ಹೋಗಿದ್ರೆ, ಪರೀಕ್ಷೆನೇ ಆಗದ ದಿಕ್ಕಿಂದ ನಿಮ್ಮ ಮಗಳು ಇದನ್ನ ಜೋಡಿಸ್ತಿದ್ದಳು."

ನಂಬರಣ್ಣ ತಲೆ ತಗ್ಗಿಸಿದ. ಆ ಮಾತು ಅವನಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

"ಹನ್ನೆರಡರಿಂದ ಜೋಡಿಸಿದಾಗ ಎಲ್ಲ ಪಿನ್ನೂ ಕೂತಿತ್ತಾ?"

"ಬೆಣ್ಣೆ ಹಾಗೆ ಸಾರ್."

"ಸಾಕ್ಷಿ?"

"ಆರು ಮರಿ ಸಾರ್. ಚೀಲದ ಗುಡ್ಡೆ ಹತ್ರ ಇವೆ."

ದೊಡ್ಡ ಇಂಜಿನಿಯರರಿಗೆ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಗಂಭೀರವಾಗಿಯೇ ಹೇಳಿದರು: ಮೊದಲು ರಿಜಿಸ್ಟರು ತಿದ್ದಬೇಕು, ಕಾರಣ ಸಹಿತ. ಎರಡನೆಯದು, ಸೇತುವೆಯ ಪಾದಗಳನ್ನು ಅದಲುಬದಲು ಮಾಡಬೇಕು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಅದಕ್ಕೆ ಈಚೆ ದಡದ ಪಾದಕ್ಕೆ ದುಂಡು ತೂತು, ಆಚೆ ದಡದ ಪಾದಕ್ಕೆ ಸರಿದಾಡಲು ಉದ್ದ ತೂತು. ಈಗ ಆಚೆ ದಡಕ್ಕೆ ಹೋಗುವುದು ಹನ್ನೆರಡನೆಯದಾದ್ದರಿಂದ ಉದ್ದ ತೂತಿನ ಪಾದ ಅದಕ್ಕೆ ಬರಬೇಕು. ಆ ಪಾದವಾದರೋ ಬಯಲಿನ ರಾಶಿಯ ತಳದಲ್ಲಿ, ಒಂದನೆಯದಕ್ಕೆ ಅಂಟಿಕೊಂಡು ಕೂತಿದೆ.

"ಮೂರನೇದು, ನೀವೇ ಹೋಗಿ," ಎಂದರು. "ಪ್ರತಿ ಪಿನ್ನೂ ನಿಮ್ಮ ಕಣ್ಣೆದುರಿಗೇ ಕೂರಬೇಕು. ಒಂದು ಕೂರದಿದ್ರೂ ಅಲ್ಲಿಗೇ ಕೆಲಸ ನಿಲ್ಲಿಸಿ."

ರಿಜಿಸ್ಟರಿನಲ್ಲಿ 'ಒಂದರಿಂದ' ಎಂಬುದನ್ನು ಹೊಡೆದು ಹಾಕಿ ನಂಬರಣ್ಣ ಬರೆದ: 'ಹನ್ನೆರಡರಿಂದ. ಕಾರಣ: ಒಂದನೆಯ ಕಟ್ಟೆಯ ಕೆಳಗೆ ನಾಯಿ ಮರಿ ಹಾಕಿತ್ತು.' ಅಕ್ಷರ ಸ್ವಲ್ಪ ಸೊಟ್ಟವಾಗಿ ಬಂತು. ದೊಡ್ಡ ಇಂಜಿನಿಯರರು ಅದರ ಕೆಳಗೆ ಸಹಿ ಹಾಕಿದರು.

ಮನೆಯಲ್ಲಿ ಹೆಂಡತಿ ಸ್ವೆಟರು, ಟೋಪಿ, ಮಂಡಿನೋವಿನ ಎಣ್ಣೆ ಎಲ್ಲವನ್ನೂ ಚೀಲಕ್ಕೆ ತುರುಕಿದಳು. ವಿಷಯ ಕೇಳಿ ಅವಳು ಹಣೆ ಚಚ್ಚಿಕೊಂಡಳು.

"ಅಪ್ಪ ಮಗಳು ಇಬ್ಬರಿಗೂ ಫೋನ್ ಇದೆ, ಬಾಯೂ ಇದೆ. ಒಂದು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅವಳಿಗೆ ಚಿಂತೆ ಕೊಡಬಾರದು ಅಂತ..."

"ಕೊಟ್ರಲ್ಲ ಈಗ, ಬಡ್ಡಿ ಸಮೇತ. ಹೋಗಿ. ಮಗಳನ್ನ ನಗಿಸಿ ಬನ್ನಿ. ಹಾಗೇ ನೀರು ಹರಿಯುತ್ತಾ ಅಂತಾನೂ ನೋಡ್ಕೊಂಡು ಬನ್ನಿ."

ಮರುದಿನ ಮುಂಜಾನೆ ನಂಬರಣ್ಣ ಬಯಲಿನಲ್ಲಿ ಇಳಿದು, ರಾಶಿಯ ಬದಿಯಿಂದ ಸ್ಪ್ಯಾನರ್ ತೂರಿಸಿ, ಎಂಟು ಬೋಲ್ಟು ಬಿಚ್ಚಿ ಒಂದನೆಯದರ ಎಡಬಲದ ಎರಡು ಪಾದಗಳನ್ನು ಹೊರಗೆಳೆದ. ಪಾದಗಳು ರೋಪ್‌ವೇಯಲ್ಲಿ ಹಾಯಾಗಿ ತೂಗಿಕೊಂಡು ಹೋದವು. ಮನುಷ್ಯರಿಗೆ ಅದರಲ್ಲಿ ಜಾಗವಿಲ್ಲ. ನಂಬರಣ್ಣ ಮೂರು ಗಂಟೆ ಏದುಸಿರು ಬಿಡುತ್ತ ಹತ್ತಿದ.

ಮೇಲೆ ಮೊದಲು ಎದುರಾದದ್ದು ಮಗಳಲ್ಲ, ವನಪಾಲಕಿ. ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ಹಳೆಯ ಬ್ರಷ್ಷು.

"ಚಪ್ಪಲಿ ಬಿಚ್ಚಿ ಯಜಮಾನ್ರೇ. ಅಡಿ ಉಜ್ಜಬೇಕು. ಕೆಳಗಿನ ಬೀಜ ಒಂದೂ ಇಲ್ಲಿಗೆ ಬರಬಾರದು." ಉಜ್ಜಿದ ಮೇಲೆ ಕೈ ಚಾಚಿದಳು. "ಜೇಬಲ್ಲಿ ಎಷ್ಟು ಬೋಲ್ಟಿದೆ?"

"ಎಂಟು."

"ಈವರೆಗೆ ಮುನ್ನೂರ ಎಪ್ಪತ್ತಾರು ಬಂದಿತ್ತು. ಹಾಗಾದ್ರೆ..."

"ಮುನ್ನೂರ ಎಂಬತ್ನಾಲ್ಕು," ಎಂದರು ಇಬ್ಬರೂ ಒಟ್ಟಿಗೆ. ವನಪಾಲಕಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆ ಕ್ಷಣದಿಂದ ಅವರಿಬ್ಬರಿಗೂ ಹೊಂದಿಕೆಯಾಗಿಬಿಟ್ಟಿತು.

ಹಗ್ಗ ಕಟ್ಟಿ ಗುರುತು ಮಾಡಿದ ಕಾಲುದಾರಿಯ ಕೊನೆಯಲ್ಲಿ ಮಗಳು ನಿಂತಿದ್ದಳು. ಎರಡು ದಿನದಿಂದ ಸರಿಯಾಗಿ ಉಣ್ಣದ ಮುಖ. ಅವನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನೋ ಅದೆಲ್ಲ ಮರೆತುಹೋಯಿತು.

"ತಪ್ಪು ನನ್ನದು," ಎಂದ.

"ನನ್ನದೂ ಅಷ್ಟೇ," ಎಂದಳು. ಆಮೇಲೆ, "ಅಪ್ಪಾ, ಇನ್ಮೇಲೆ ನಾವಿಬ್ಬರೂ ಸ್ವಲ್ಪ ಕಡಿಮೆ ಒಳ್ಳೇವರಾಗೋಣ."

ಅವನು ನಕ್ಕ. ಅವಳೂ ನಕ್ಕಳು. ಕೆಲಸ ಶುರುವಾಯಿತು.

ಹನ್ನೆರಡಕ್ಕೆ ಉದ್ದ ತೂತಿನ ಪಾದ ಬಿಗಿದು ಅದನ್ನು ಕಮರಿಯ ಮೇಲಕ್ಕೆ ಎಳೆದರು. ಅದರ ಹಿಂದೆ ಹನ್ನೊಂದು, ಹತ್ತು, ಒಂಬತ್ತು. ಒಂದೊಂದು ಪಿನ್ನು ಕೂತಾಗಲೂ ನಂಬರಣ್ಣ ಕೀಲಿನ ಮೇಲೆ ಹೆಬ್ಬೆರಳು ಇಟ್ಟು ನೋಡಿ ತಲೆಯಾಡಿಸುತ್ತಿದ್ದ. ಅವನು ತಲೆಯಾಡಿಸುವವರೆಗೆ ಮಗಳು ಯಾರಿಗೂ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ. ಕೆಳಗೆ ನೋಡಲು ಮಾತ್ರ ಅವನು ಹೋಗಲಿಲ್ಲ. ಕೆಲಸ ಮುಗಿಯದೆ ನೋಡುವುದಿಲ್ಲ ಎಂದು ಹಟ. ನಿಜ ಹೇಳಬೇಕೆಂದರೆ ಒಂದಿಷ್ಟು ಹೆದರಿಕೆಯ ಪಾಲೂ ಅದರಲ್ಲಿತ್ತು.

ಹತ್ತನೆಯ ದಿನ ಮಧ್ಯಾಹ್ನ ಏಳಕ್ಕೆ ಆರನ್ನು ಸೇರಿಸುವಾಗ ಪಿನ್ನು ನಿಂತುಬಿಟ್ಟಿತು. ಒಂದು ಬದಿಯ ತೂತುಗಳು ಸರಿಯಾಗಿ ಕೂಡಿದ್ದವು. ಇನ್ನೊಂದು ಬದಿಯಲ್ಲಿ ಉಗುರಿನಷ್ಟು ಸರಿದಿದ್ದವು. ಒತ್ತಿದರು, ಎಳೆದರು, ಹಗ್ಗ ಸಡಿಲಿಸಿದರು. ಊಹೂಂ.

ಮಗಳು ಅಪ್ಪನ ಕಡೆ ನೋಡಿದಳು. "ಯಾರ್ಡಲ್ಲಿ ಇದು ಕೂತಿತ್ತು ತಾನೇ? ನಿಜ ಹೇಳಪ್ಪಾ."

ಒಂದು ಸಲ ಸುಳ್ಳು ಬರೆದವನಿಗೆ ಆ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. "ಕೂತಿತ್ತು. ನಿನ್ನಾಣೆ ಕೂತಿತ್ತು," ಎಂದ. ಒಂದು ಕೂರದಿದ್ದರೂ ನಿಲ್ಲಿಸಿ ಎಂದಿದ್ದರು ದೊಡ್ಡ ಇಂಜಿನಿಯರರು. ನಿಲ್ಲಿಸಿದರೆ ಒಂದು ವರ್ಷ.

ಅವನು ಅಭ್ಯಾಸದಂತೆ ಕೀಲಿನ ಮೇಲೆ ಹೆಬ್ಬೆರಳು ಇಟ್ಟ. ಚುರುಕ್ಕೆಂದಿತು. ಎದುರು ಬದಿಗೆ ಹೋಗಿ ಅಲ್ಲಿಯೂ ಇಟ್ಟ. ತಣ್ಣಗಿತ್ತು. ಯಾರ್ಡಿನಲ್ಲಿ ತಗಡಿನ ಮಾಡಿನ ಕೆಳಗೆ ಎರಡು ಬದಿಗೂ ಒಂದೇ ನೆರಳು. ಇಲ್ಲಿ ಬಿಸಿಲು ಬೆಟ್ಟದ ಸಂದಿಯಿಂದ ಒಂದೇ ಬದಿಗೆ ಬೀಳುತ್ತಿತ್ತು. ಆ ಬದಿಯ ಉಕ್ಕು ಹಿಗ್ಗಿ, ಇಷ್ಟುದ್ದದ ಸಾಲು ಸ್ವಲ್ಪವೇ ಸ್ವಲ್ಪ ಬಾಗಿತ್ತು.

"ಮಗಳೇ, ಇದಕ್ಕೆ ಏನೂ ಆಗಿಲ್ಲ. ಬಿಸಿಲು ಬಡಿದಿದೆ ಅಷ್ಟೇ. ಹೊದಿಕೆ ತರಿಸು."

ತಂಡದವರ ಹೊದಿಕೆಗಳು, ಟವೆಲುಗಳು, ನಂಬರಣ್ಣನ ಸ್ವೆಟರು, ಕೊನೆಗೆ ವನಪಾಲಕಿಯ ಮಳೆಯಂಗಿ ಕೂಡ ಬಿಸಿಲಿನ ಬದಿಗೆ ಸಾಲಾಗಿ ನೇತಾಡಿದವು. ದೂರದಿಂದ ನೋಡಿದವರಿಗೆ ಕಮರಿಯ ಮೇಲೆ ಯಾರೋ ಬಟ್ಟೆ ಒಣಗಹಾಕಿದ ಹಾಗೆ ಕಾಣುತ್ತಿತ್ತು. ಒಂದು ಗಂಟೆ ಕಾದರು. ಆಮೇಲೆ ಮಗಳು ಪಿನ್ನನ್ನು ಅಂಗೈಯಿಂದ ಒತ್ತಿದಳು. ಅದು ಒಳಗೆ ಜಾರಿ ಟಣ್ಣೆಂದಿತು. ಎಲ್ಲರೂ ಕಿರುಚಲು ಬಾಯಿ ತೆರೆದರು. ವನಪಾಲಕಿ ತುಟಿಯ ಮೇಲೆ ಬೆರಳಿಟ್ಟು ಬಂಡೆಗೋಡೆಯ ಕಡೆ ತೋರಿಸಿದಳು. ಅಲ್ಲಿ ಒಂದು ಜೋಡಿ ಹಕ್ಕಿ, ಎಲ್ಲರಿಗಿಂತ ಮೊದಲು ಬಂದು, ಒಳ್ಳೆಯ ಬಿರುಕು ಹುಡುಕುತ್ತಿತ್ತು. ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡವು. ಕಿರುಚಬೇಕಾದದ್ದನ್ನೆಲ್ಲ ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿ ತೀರಿಸಿಕೊಂಡರು.

ಹನ್ನೊಂದನೆಯ ದಿನ ನಡುಮಧ್ಯಾಹ್ನಕ್ಕೆ ಆಚೆ ದಡದ ಪಾದ ತನ್ನ ಜಾಗದಲ್ಲಿ ಕೂತಿತು. ಒಂದನೆಯ ಚೌಕಟ್ಟಿಗೆ ದುಂಡು ತೂತಿನ ಪಾದ ಬಿಗಿದರು. ಕಟ್ಟುಕಟ್ಟಾಗಿ ಹಿಂದಿನಿಂದ ಬಂದ ಹಲಗೆಗಳನ್ನು ಹಾಸಿದರು, ಕೈಹಿಡಿಯ ಕಂಬಿಗಳನ್ನು ಸಿಕ್ಕಿಸಿದರು. ವನಪಾಲಕಿ ಆ ತುದಿಯಿಂದ, ನಂಬರಣ್ಣ ಈ ತುದಿಯಿಂದ ಬೋಲ್ಟುಗಳನ್ನು ಎಣಿಸಿದರು. ಅವನು ಎಣಿಸಿದ್ದು ಚೌಕಟ್ಟಿನ ಹೊರಗೆ ನಿಂತು, ಬಂಡೆಯ ಮೇಲಿಂದ, ದುರ್ಬೀನು ಎರವಲು ಪಡೆದು. ಲೆಕ್ಕ ಮುನ್ನೂರ ಎಂಬತ್ನಾಲ್ಕಕ್ಕೇ ಬಂತು. ಅವಳು ಕಾಗದಕ್ಕೆ ಸಹಿ ಹಾಕಿ, ಸೂರ್ಯ ಇನ್ನೂ ಮುಳುಗಿಲ್ಲ ಎಂಬುದನ್ನೂ ಬರೆದುಕೊಂಡಳು.

ಆಚೆ ದಡದಲ್ಲಿ ನಲವತ್ತು ಮನೆಯವರೂ ಬಂದು ನಿಂತಿದ್ದರು. ಯಾರೂ ಹೆಜ್ಜೆ ಮುಂದಿಡಲಿಲ್ಲ. ಮಗಳು ಅಪ್ಪನ ಕಡೆ ತಿರುಗಿದಳು.

"ಮೊದಲು ನೀನು."

"ಮುಖ್ಯಸ್ಥೆ ನೀನು. ನೀನು ನಡಿ."

"ಮುಖ್ಯಸ್ಥೆ ಹೇಳ್ತಿದಾಳೆ. ನಡಿ."

ನಂಬರಣ್ಣ ಒಂದು ಹೆಜ್ಜೆ ಇಟ್ಟು ನಿಂತ. ನಲವತ್ತೆರಡು ಸೇತುವೆಗಳ ಮೇಲೆ ಯಾರ್ಡಿನಲ್ಲಿ ಚಪ್ಪಲಿ ಚಟಪಟ ಬಡಿದುಕೊಂಡು ಓಡಾಡಿದ ಮನುಷ್ಯ. ಈಗ ಎರಡನೆಯ ಹೆಜ್ಜೆ ಏಳಲೊಲ್ಲದು. ಕೆಳಗಿನ ನೆಲ ಸುಮ್ಮನಿರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಲಗೆಗಳ ಸಂದಿಯಲ್ಲಿ ಎಲ್ಲ ಓಡುತ್ತಿತ್ತು, ಬೆಳ್ಳಗೆ, ಅಷ್ಟು ಆಳದಲ್ಲಿ. ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಂಬಿಯ ಬುಡದಲ್ಲಿ ತನ್ನದೇ ಕೈಯ ಅಂಕಿ ಕಂಡಿತು: ಒಂದು. ಒಂದೇ ಪೆಟ್ಟಿನದು.

ಕಣ್ಣನ್ನು ಅಂಕಿಗಳ ಮೇಲೇ ನೆಟ್ಟು ನಡೆದ. ಎರಡು. ಮೂರು. ನಕ್ಷೆಯ ಪ್ರಕಾರ ಆಗಿದ್ದರೆ ಇವು ಹನ್ನೆರಡು, ಹನ್ನೊಂದು ಎಂದು ಹಿಂದುಮುಂದಾಗಿ ಬರಬೇಕಿತ್ತು. ಈ ಒಂದು ಸೇತುವೆಯಲ್ಲಿ ಮಾತ್ರ ಮನುಷ್ಯ ಮನೆಯಿಂದ ಹೊರಟ ಹಾಗೆ ಒಂದರಿಂದ ನಡೆಯುತ್ತ ಹೋಗಬಹುದು. ಆರು ದಾಟುವಾಗ ಅವನು ನಿಂತು ಕೀಲಿಗೆ ಹೆಬ್ಬೆರಳು ಒತ್ತಿದ. ತಣ್ಣಗಿತ್ತು. ಅಷ್ಟು ಹೊತ್ತಿಗೆ ಹೆದರಿಕೆ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ.

ಸೇತುವೆಯ ನಟ್ಟನಡುವೆ ಕಮರಿ ಎರಡೂ ಕಡೆ ತೆರೆದುಕೊಂಡಿತ್ತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅಲ್ಲಿ ಸಿಗ್ನಲ್ ಸಿಗುತ್ತಿತ್ತು. ಹೆಂಡತಿ.

"ಎಷ್ಟು ಸಲ ಮಾಡೋದು ರೀ? ಏನಾಯ್ತು? ಮಗಳು ಹೇಗಿದಾಳೆ?"

ಅವನು ಹಿಂತಿರುಗಿ ನೋಡಿದ. ಈಚೆ ತುದಿಯಲ್ಲಿ ಮಗಳು ಎರಡು ಕೈಯನ್ನೂ ಸೊಂಟದ ಮೇಲಿಟ್ಟು, ಬಾಯಿ ಅಗಲ ಮಾಡಿ, ಸದ್ದಿಲ್ಲದೆ ನಗುತ್ತಿದ್ದಳು. ಅವನು ಉತ್ತರ ಹೇಳುವ ಬದಲು ಕಂಬಿಯ ಸಂದಿಯಿಂದ ಕೈಯನ್ನು ಹೊಳೆಯ ಕಡೆ ಇಳಿಬಿಟ್ಟು ಫೋನು ಹಿಡಿದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕೆಳಗೆ ನೆಟ್ಟ ನೋಟದಿಂದ ನೋಡಿದ. ಸಾಕಷ್ಟು ಹೊತ್ತು ಹಾಗೇ ಹಿಡಿದು, ಆಮೇಲೆ ಕಿವಿಗಿಟ್ಟುಕೊಂಡ.

"ಕೇಳಿಸ್ತಾ?"

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು.

"ಕೇಳಿಸ್ತು," ಎಂದಳು. "ಹರಿತಾ ಇದೆ." ಆಮೇಲೆ, "ನಾಯಿ ಎಲ್ಲಿ ಮಲಗುತ್ತೆ ರೀ ಹಾಗಾದ್ರೆ?"

ನಂಬರಣ್ಣ ಹಕ್ಕಿಗಳಿಗೆ ಕೇಳದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಕಣ್ಣು ಒರೆಸಿಕೊಂಡು, ಏಳು, ಎಂಟು ಎನ್ನುತ್ತ ಆಚೆ ದಡದ ಕಡೆ ನಡೆದ.